ಮೂವತ್ತೊಂದನೆಯ ಮೇಜು

ಮೂವತ್ತೊಂದನೆಯ ಮೇಜಿನ ಹುಡುಗಿಗೆ ಸೊನ್ನೆ ಹಾಕಿದರು. ಹಾಕಿದ ಇಬ್ಬರಲ್ಲಿ ಒಬ್ಬರೂ ಅವಳು ಮಾಡಿಟ್ಟುಹೋದ ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿರಲಿಲ್ಲ.

ಎತ್ತಿ ನೋಡುವ ಹಾಗೂ ಇರಲಿಲ್ಲ. ಆ ವಿನ್ಯಾಸ ಕಾಲೇಜಿಗೆ ಸೇರಬೇಕಾದರೆ ಎರಡು ಪರೀಕ್ಷೆ. ಮೊದಲನೆಯದು ಕಾಗದದ ಮೇಲೆ: ಚಿತ್ರ ಬರೆಯುವುದು, ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದು, ಅಂಥದ್ದು. ಅದರಲ್ಲಿ ಗೆದ್ದವರಿಗೆ ಎರಡನೆಯದು, ಕೈಯದು. ಪ್ರತಿ ಮೇಜಿನ ಮೇಲೂ ಒಂದು ಕಂದು ಕಾಗದದ ಚೀಲ ಇಟ್ಟಿರುತ್ತಾರೆ. ಒಳಗೆ ರಟ್ಟು, ಬಿಳಿ ಹಾಳೆ, ತೆಳು ಕಾಗದ, ದಾರದುಂಡೆ, ಒಂದಿಷ್ಟು ತಂತಿ, ಒಂದು ಮುದ್ದೆ ಹಸಿ ಜೇಡಿಮಣ್ಣು, ಕತ್ತರಿ, ಅಂಟು. ಜೊತೆಗೆ ಒಂದೇ ಸಾಲಿನ ಪ್ರಶ್ನೆ. ಗಂಟೆ ಹೊಡೆಯುವುದರೊಳಗೆ ಏನಾದರೊಂದು ಮಾಡಿಟ್ಟು ಎದ್ದುಹೋಗಬೇಕು. ಆಮೇಲೆ ಪ್ರತಿ ಮೇಜಿಗೂ ಮೇಲಿಂದ ಒಂದು ಫೋಟೋ. ಮೌಲ್ಯಮಾಪಕರು ಇನ್ನೆಲ್ಲೋ ಕೂತು ಪರದೆಯ ಮೇಲೆ ಆ ಫೋಟೋ ನೋಡಿ ಅಂಕ ಒತ್ತುತ್ತಾರೆ. ಮೇಜಿನ ಹತ್ತಿರ ಸುಳಿಯುವಂತಿಲ್ಲ, ವಸ್ತು ಮುಟ್ಟುವಂತಿಲ್ಲ, ಹೆಸರು ಕೇಳುವಂತಿಲ್ಲ. ಹಿಂದೆ ಮೇಜಿಂದ ಮೇಜಿಗೆ ನಡೆದು, ಎತ್ತಿ ತಿರುವಿ ನೋಡಿ ಅಂಕ ಹಾಕುತ್ತಿದ್ದ ಕಾಲದಲ್ಲಿ, ಬೇಕಾದವರ ಮಕ್ಕಳೆಲ್ಲ ಇದ್ದಕ್ಕಿದ್ದಂತೆ ಪ್ರತಿಭಾವಂತರಾಗಿಬಿಟ್ಟಿದ್ದರು. ಅದನ್ನು ನಿಲ್ಲಿಸಲೆಂದೇ ಬಂದದ್ದು ಫೋಟೋ. ನ್ಯಾಯ ಆಗಲಿ ಎಂದು ಕೈ ಕಟ್ಟಿಹಾಕಿದ್ದರು. ಅದೂ ಕೈಯ ಪರೀಕ್ಷೆಯಲ್ಲಿ.

ಈ ವರ್ಷದ ಪ್ರಶ್ನೆ ಹೀಗಿತ್ತು: ‘ಕಾಯುತ್ತಿರುವ ಒಬ್ಬರಿಗಾಗಿ ಒಂದು ವಸ್ತು ಮಾಡಿ.’

ಪರೀಕ್ಷೆಯ ದಿನ ಸಭಾಂಗಣದ ಉಸ್ತುವಾರಿ ಮಣ್ಣಿನ ಮೇಡಂದಾಗಿತ್ತು. ಆ ಕಾಲೇಜಿನಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರು ಹೆಚ್ಚು ದಿನ ಬಾಳುತ್ತಿರಲಿಲ್ಲ. ವಿದ್ಯಾರ್ಥಿಗಳು ಬಂದ ವಾರದಲ್ಲೇ ಕಿತ್ತು ಬೇರೆ ಅಂಟಿಸುತ್ತಿದ್ದರು. ಹೂಜಿ, ಬಟ್ಟಲು, ಹೆಂಚು ಮಾಡುವುದನ್ನು ಕಲಿಸುವವರು ಮಣ್ಣಿನ ಮೇಡಂ. ಅಕ್ಷರಗಳ ರೂಪ ತಿದ್ದುವುದನ್ನು ಕಲಿಸುವವರು ಅಕ್ಷರದ ಮೇಷ್ಟ್ರು. ಇವರೆಲ್ಲರ ಮೇಲೆ, ಪ್ರವೇಶ ಪರೀಕ್ಷೆಯ ಮುಖ್ಯಸ್ಥರಾಗಿ, ಕುರ್ಚಿ ಮೇಷ್ಟ್ರು. ವಯಸ್ಸಿನಲ್ಲಿದ್ದಾಗ ಅವರು ಮಾಡಿದ ಒಂದು ಕುರ್ಚಿಗೆ ದೊಡ್ಡ ಬಹುಮಾನ ಬಂದಿತ್ತು. ಕುರ್ಚಿ ಈಗಲೂ ಮುಂಬಾಗಿಲ ಬಳಿ ಇದೆ, ‘ದಯವಿಟ್ಟು ಕೂರಬೇಡಿ’ ಎಂಬ ಫಲಕದ ಜೊತೆ.

ಅಂಕಗಳೆಲ್ಲ ಬಂದು ಸೇರಿದ ದಿನ ಬೆಳಿಗ್ಗೆ ಮೇಡಂ ಸಭಾಂಗಣದ ಬೀಗ ತೆಗೆದರು. ಹಿಂದೆಯೇ ಅಟೆಂಡರಣ್ಣ ಕಸದ ಗಾಡಿ ತಳ್ಳಿಕೊಂಡು ಬಂದರು. ಸಂಜೆ ಆಯ್ಕೆಯಾದವರ ಪಟ್ಟಿ ಹೊರಬೀಳುತ್ತದೆ. ಅಷ್ಟರೊಳಗೆ ಮೇಜುಗಳು ಬರಿದಾಗಬೇಕು. ಫೋಟೋ ಉಳಿದರೆ ಸಾಕು, ವಸ್ತು ಉಳಿಯಬೇಕಿಲ್ಲ.

“ಈ ಸಲ ಮರ ಜಾಸ್ತಿ ಮೇಡಂ,” ಎಂದರು ಅಟೆಂಡರಣ್ಣ, ರಟ್ಟಿನ ಒಂದು ಮರವನ್ನು ಬುಡಸಮೇತ ಗಾಡಿಗೆ ಹಾಕುತ್ತ. “ಹೋದ ವರ್ಷ ಹಕ್ಕಿ ಇತ್ತು.”

“ಹೋದ ವರ್ಷ ಕೋಚಿಂಗಿನವರು ಹಕ್ಕಿ ಹೇಳಿಕೊಟ್ಟಿದ್ರು ಅಣ್ಣ. ಈ ವರ್ಷ ಮರ. ಪ್ರಶ್ನೆ ಏನೇ ಬರಲಿ, ಅದನ್ನ ಮರದ ಕೆಳಗೆ ಕೂರಿಸೋದು.”

“ಕಾಡೇ ಎದ್ದುಬಿಟ್ಟಿದೆ ನೋಡಿ. ನಾನು ಕಡಿದೂ ಕಡಿದೂ ಸಾಕಾಯ್ತು.”

ಮೇಡಂ ನಗುತ್ತಿರುವಾಗಲೇ ಫೋನು ಸದ್ದು ಮಾಡಿತು. ಕುರ್ಚಿ ಮೇಷ್ಟ್ರ ಸಂದೇಶ. ಮೂವತ್ತೊಂದನೆಯ ಮೇಜಿನಲ್ಲಿ ಏನೂ ಮಾಡಿಲ್ಲವೆಂದು ಇಬ್ಬರೂ ಮೌಲ್ಯಮಾಪಕರು ಒತ್ತಿದ್ದಾರೆ, ಉಸ್ತುವಾರಿಯವರ ಒಪ್ಪಿಗೆ ಬಾಕಿ ಇದೆ, ಮಧ್ಯಾಹ್ನದ ಊಟಕ್ಕೆ ಮುಂಚೆ ನನ್ನ ಕೋಣೆಗೆ ಬಂದು ಒತ್ತಿಹೋಗಿ.

ನಿಯಮ ಹಾಗಿತ್ತು. ಎಷ್ಟು ಕೆಟ್ಟದಾಗಿ ಮಾಡಿದವರಿಗೂ ಒಂದೆರಡು ಅಂಕ ಸಿಗುತ್ತಿತ್ತು. ಸೊನ್ನೆ ಏನಿದ್ದರೂ ಚೀಲವನ್ನೇ ಬಿಚ್ಚದವರಿಗೆ. ಕೈಯ ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಮೊದಲ ಪರೀಕ್ಷೆಯಲ್ಲಿ ಎಷ್ಟೇ ಬಂದಿರಲಿ, ಸೀಟಿನ ಆಸೆ ಬಿಡಬೇಕು. ಅದಕ್ಕೇ ಸೊನ್ನೆಗೆ ಮೂರನೆಯವರ ಸಾಕ್ಷಿ ಬೇಕಿತ್ತು. ಆ ದಿನ ಖುದ್ದಾಗಿ ಸಭಾಂಗಣದಲ್ಲಿದ್ದವರು ‘ಹೌದು, ಮೇಜು ಖಾಲಿ ಇತ್ತು’ ಎಂದು ಒತ್ತಬೇಕು.

ಯಾವ ಹುಡುಗಿ ಎಂದು ಮೇಡಂಗೆ ತಟ್ಟನೆ ನೆನಪಾಯಿತು. ಪ್ರಶ್ನೆ ಓದಿದ ಕೂಡಲೇ ಕೈ ಎತ್ತಿದವಳು ಅವಳೊಬ್ಬಳೇ.

“ಮೇಡಂ, ಇವ್ರು ಎಲ್ಲಿ ಕಾಯ್ತಿದಾರೆ?”

“ಯಾರಮ್ಮ?”

“ಪ್ರಶ್ನೆಯಲ್ಲಿ ಇರೋರು.”

ಪಕ್ಕದ ಮೇಜಿನವನು ಕಿಸಕ್ಕೆಂದಿದ್ದ. “ನಾನೇನೂ ಹೇಳೋ ಹಾಗಿಲ್ಲಮ್ಮ, ಅಲ್ಲಿ ಬರೆದಿರೋದಷ್ಟೇ,” ಎಂದಿದ್ದರು ಮೇಡಂ.

“ಹೋಗ್ಲಿ ಬಿಡಿ, ನಾನೇ ಅವ್ರನ್ನ ಕೇಳ್ಕೋತೀನಿ,” ಎಂದು ಹುಡುಗಿ ಕೈ ಇಳಿಸಿದ್ದಳು, ಅವರು ಎಲ್ಲೋ ಹೊರಗೆ ನಿಂತಿದ್ದಾರೇನೋ ಎಂಬಂತೆ.

ಆಮೇಲೆ ಅವಳು ಮಾಡಿದ್ದು? ಸುಮ್ಮನೆ ಕೂತದ್ದು. ಸುತ್ತ ಕತ್ತರಿಗಳು ಕಚಕಚ ಎನ್ನುತ್ತಿದ್ದವು, ಅಂಟಿನ ವಾಸನೆ ಮೂಗಿಗೆ ಅಡರುತ್ತಿತ್ತು. ಇವಳು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಮೇಡಂ ಹತ್ತಿರ ಹೋಗಿ, ಹೊರಗೆ ಹೋಗಬೇಕೇ ಎಂದು ಕೇಳಿದ್ದರು. “ಇಲ್ಲ ಮೇಡಂ, ನೋಡ್ತಿದೀನಿ,” ಎಂದಿದ್ದಳು, ಬಾಗಿಲಿನಿಂದ ಕಣ್ಣು ಕೀಳದೆ. ಬಹಳ ಹೊತ್ತಾದ ಮೇಲೆ ಆ ಕಂದು ಚೀಲವನ್ನು ಬಿಚ್ಚಿ, ಹರವಿ, ಬಟ್ಟೆ ಒಗೆಯುವಂತೆ ಎರಡು ಅಂಗೈಗಳ ನಡುವೆ ತಿಕ್ಕಲು ಶುರು ಮಾಡಿದಳು. ತಿಕ್ಕಿದ್ದೇ ತಿಕ್ಕಿದ್ದು. ಮಗು ಸೋತಿತು, ಎಂದುಕೊಂಡಿದ್ದರು ಮೇಡಂ. ಅಷ್ಟರಲ್ಲಿ ಆ ಮೂಲೆಯಲ್ಲಿ ಯಾರದೋ ಅಂಟಿನ ಡಬ್ಬಿ ಉರುಳಿ ಗಲಾಟೆಯಾಗಿ, ಮೇಡಂಗೆ ಇವಳು ಮರೆತುಹೋದಳು. ಗಂಟೆ ಹೊಡೆದಾಗ ಮೇಜಿನ ಮೇಲೆ ಇದ್ದದ್ದು ಒಂದು ಕಂದು ಪೊಟ್ಟಣ.

ಅದು ಈಗಲೂ ಅಲ್ಲೇ ಇತ್ತು. ಮೇಲಿಂದ ನೋಡಿದರೆ, ಬಿಚ್ಚದ ಚೀಲವನ್ನು ಮುದುರಿ ಇಟ್ಟ ಹಾಗೆ. ಮೌಲ್ಯಮಾಪಕರು ಸುಳ್ಳು ಹೇಳಿರಲಿಲ್ಲ. ಅವರಿಗೆ ಹಾಗೇ ಕಂಡಿತ್ತು.

ಮೇಡಂ ಅದನ್ನು ಎತ್ತಿಕೊಂಡರು.

ಎತ್ತಿಕೊಂಡದ್ದೇ ತಡ, ಹುಬ್ಬು ಮೇಲೇರಿತು. ಮುಷ್ಟಿಯಷ್ಟೇ ಗಾತ್ರ, ಕಾಗದದ ಕೆಳಗೆ ರಟ್ಟಿನ ಗಟ್ಟಿತನ, ಆದರೆ ನೋಟಕ್ಕಿಂತ ಭಾರ. ಒಳಗೆ ಏನೋ ಸರಿಯಿತು. ನಿಧಾನವಾಗಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ.

“ಏನ್ ಮೇಡಂ ಅದು, ತಿಂಡಿ ಪೊಟ್ಟಣನಾ?” ಅಟೆಂಡರಣ್ಣ ಗಾಡಿ ನಿಲ್ಲಿಸಿ ಕತ್ತು ಉದ್ದ ಮಾಡಿದರು. “ಬಿಟ್ಟುಹೋಗಿದೆ ಪಾಪ. ಹಳಸಿರುತ್ತೆ, ಇತ್ತ ಹಾಕಿ.”

“ತಡೀರಿ ಅಣ್ಣ. ಒಳಗೆ ಏನೋ ಓಡಾಡ್ತಿದೆ.”

ಅಟೆಂಡರಣ್ಣ ಎರಡು ಹೆಜ್ಜೆ ಹಿಂದೆ ಸರಿದರು.

ಮೇಡಂ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಇದು ವಿಚಿತ್ರ. ಒಣಗಿದ ಜೇಡಿಮಣ್ಣಿನ ಗುಂಡು ರಟ್ಟಿನೊಳಗೆ ಉರುಳಿದರೆ ಕಟಕಟ ಎನ್ನಲೇಬೇಕು. ಮಣ್ಣಿನ ವಿಷಯದಲ್ಲಿ ಅವರು ಅಷ್ಟು ಸುಲಭವಾಗಿ ಮೋಸ ಹೋಗುವವರಲ್ಲ. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದರು. ಒಂದು ಬದಿಯಲ್ಲಿ, ಸಾಲಾಗಿ ನಾಲ್ಕು ಕಡೆ, ಕಂದು ಕಾಗದದ ಜೊತೆ ರಟ್ಟನ್ನೂ ಕಿಟಕಿಯ ಹಾಗೆ ಕತ್ತರಿಸಿ ತೆಗೆದಿದ್ದಳು. ಅಲ್ಲೆಲ್ಲ ಬರೀ ತೆಳು ಕಾಗದ, ಬೆಳಕು ಹಾಯುತ್ತಿತ್ತು. ಕೈ ವಾಲಿಸಿದಾಗ ಒಂದು ಗುಂಡನೆಯ ನೆರಳು ಮೊದಲ ಕಿಟಕಿಯ ಹಿಂದೆ ಹಾದು, ಒಳಗೆಲ್ಲೋ ತಿರುವು ತೆಗೆದುಕೊಂಡು, ಎರಡನೆಯದರಲ್ಲಿ ಕಾಣಿಸಿ, ಹಾಗೇ ಇಳಿದು ಕೊನೆಯದರಲ್ಲಿ ನಿಂತಿತು. ನೆರಳಿನ ಅಂಚಿನಲ್ಲಿ ನವಿರು ಎಳೆಗಳು. ಮಣ್ಣಿನ ಗುಂಡಿಗೆ ದಾರ ಸುತ್ತಿದ್ದಾಳೆ! ಅದಕ್ಕೇ ಸದ್ದಿಲ್ಲ. ಇನ್ನೊಂದು ಬದಿಯಲ್ಲಿ ತಂತಿಯ ಒಂದು ಉಂಗುರ, ಅದಕ್ಕೂ ದಾರದ ಹೊದಿಕೆ.

ತಲೆಯಲ್ಲಿ ಹುಳ ಹೊಕ್ಕಂತಾಯಿತು. ಏಪ್ರನ್ ಜೇಬಿನಲ್ಲಿ ಬ್ಲೇಡು ಇತ್ತು. ಒಂದು ಗೀರು ಎಳೆದರೆ ಒಳಗಿನದೆಲ್ಲ ತೆರೆದುಕೊಳ್ಳುತ್ತದೆ. ಬೆರಳು ತುರಿಸಿತು. ಕೊಯ್ದ ಮೇಲೆ ತಿಳಿಯುವುದು ಅದು ಹೇಗಿತ್ತು ಎಂದಷ್ಟೇ, ಏಕಿತ್ತು ಎಂದಲ್ಲ. ಬ್ಲೇಡನ್ನು ಅಲ್ಲೇ ಬಿಟ್ಟು ಫೋನು ತೆಗೆದರು.

“ಅಕ್ಕಾ, ಒಂದು ಒಗಟು.”

“ಒಲೆ ಮೇಲೆ ಹಾಲಿದೆ, ಬೇಗ ಒದರು.”

“ಮುಷ್ಟಿಯಷ್ಟಿದೆ. ಒಳಗೆ ಏನೋ ಓಡಾಡುತ್ತೆ, ಸದ್ದು ಮಾತ್ರ ಇಲ್ಲ.”

“ಇಲಿ.”

“ಅಕ್ಕಾ!”

“ಮತ್ತೇನು, ಸೂಜಿ ಚುಚ್ಚಿಡೋ ದಿಂಬಾ?”

“ಓಡಾಡುತ್ತೆ ಅಂದೆನಲ್ಲ. ಒಂದು ಉಂಗುರಾನೂ ಇದೆ.”

“ಹಾಗಾದ್ರೆ ಮಗು ಆಡಿಸೋ ಗಿಲಕಿ.”

“ಸದ್ದಿಲ್ಲ ಅಂತಿದೀನಿ!”

“ಸದ್ದಿಲ್ಲದ ಗಿಲಕಿ ಯಾರಾದ್ರೂ ಕಂಡುಹಿಡಿದಿದ್ರೆ ಅವರ ಕಾಲಿಗೆ ಬೀಳ್ತೀನಿ. ನಿನ್ನ ಮಗ ಚಿಕ್ಕೋನಿದ್ದಾಗ ಎರಡು ವರ್ಷ ಮನೆಯಲ್ಲಿ ಯಾರ ಕಿವೀನೂ ಕಿವಿಯಾಗಿರ್ಲಿಲ್ಲ. ಯಾರು ಮಾಡಿದ್ದು?”

“ಪರೀಕ್ಷೆಗೆ ಬಂದ ಒಬ್ಬ ಹುಡುಗಿ. ಇವರು ಸೊನ್ನೆ ಹಾಕಿದಾರೆ.”

“ಅದು ಏನು ಅಂತ ಗೊತ್ತಾಗಿ ಹಾಕಿದ್ರಾ, ಗೊತ್ತಾಗದೇನಾ?”

“ಗೊತ್ತಾಗದೇ.”

“ಚೆನ್ನಾಗಿದೆ ನಿಮ್ಮ ಕಾಲೇಜು. ಮಣ್ಣು ಕಲಸಿ ಕಲಸಿ ನಿನ್ನ... ಅಯ್ಯೋ, ಹಾಲು!” ಫೋನು ಕಡಿಯಿತು.

ಮೇಡಂ ಪಕ್ಕದ ಮೇಜಿನಿಂದ ಒಂದು ಖಾಲಿ ಚೀಲ ತಂದು ಮುದುರಿದರು. ಚರಚರ ಎಂದಿತು. ಹುಡುಗಿಯ ಪೊಟ್ಟಣದ ಕಾಗದವೋ, ಹಳೆಯ ಬಟ್ಟೆಯ ಹಾಗೆ ಮೆದುವಾಗಿ ಕೈಗೆ ಒಗ್ಗಿತು, ಉಸಿರೆತ್ತಲಿಲ್ಲ. ಹಾಗಾದರೆ ಅವತ್ತು ಆ ಹುಡುಗಿ ಸೋತು ಕಾಗದ ತಿಕ್ಕುತ್ತಿರಲಿಲ್ಲ. ಕಾಗದದ ಸದ್ದನ್ನು ತೆಗೆಯುತ್ತಿದ್ದಳು. ಗುಂಡಿಗೆ ದಾರ, ಉಂಗುರಕ್ಕೆ ದಾರ, ಕಾಗದಕ್ಕೆ ತಿಕ್ಕು. ಇಷ್ಟೆಲ್ಲ ಪಾಡು ಪಟ್ಟದ್ದು ಯಾರಿಗೆ ಕೇಳಿಸಬಾರದೆಂದು?

ಒಂದು ಗಂಟು ಬಿಚ್ಚಿದರೆ ಇನ್ನೊಂದು ಬಿಗಿಯಾಗುತ್ತಿತ್ತು. ಮೇಡಂ ಪೊಟ್ಟಣವನ್ನು ತಮ್ಮ ಬಟ್ಟೆಯ ಚೀಲಕ್ಕೆ ಹಾಕಿಕೊಂಡರು.

“ಅಣ್ಣ, ಈ ಮೇಜಿಗೆ ಕೈ ಹಾಕ್ಬೇಡಿ.”

“ಇನ್ನೇನಿದೆ ಅದ್ರಲ್ಲಿ, ಬೋಳು ಮೇಜು.”

“ಅದನ್ನೇ ತೀರ್ಮಾನ ಮಾಡೋಕೆ ಹೊರಟಿದೀನಿ.”

ಕಾರಿಡಾರಿನಲ್ಲಿ ಅಕ್ಷರದ ಮೇಷ್ಟ್ರು ಚಹಾದ ಕಪ್ಪು ಹಿಡಿದು ಎದುರಾದರು. ಸೊನ್ನೆ ಒತ್ತಿದ ಇಬ್ಬರಲ್ಲಿ ಅವರೊಬ್ಬರು. ರಾಶಿ ಫೋಟೋ ನೋಡಿ ಕಣ್ಣು ಕೆಂಪಾಗಿತ್ತು.

“ಮೂವತ್ತೊಂದನ್ನ ಎಷ್ಟು ಹೊತ್ತು ನೋಡಿದ್ರಿ ಸರ್?”

“ನೋಡೋಕೇನಿತ್ತು ಮೇಡಂ? ಚೀಲ ಬಿಚ್ಚೇ ಇಲ್ಲ. ಮರ ನೋಡಿ ನೋಡಿ ತಲೆ ತಿರುಗ್ತಿತ್ತು, ಖಾಲಿ ಮೇಜು ಬಂದಾಗ ಒಂದು ಥರಾ ಹಾಯ್ ಅನ್ನಿಸ್ತು.”

“ಖಾಲಿ ಇಲ್ಲ. ನೋಡಿ, ಕೈ ಕೊಡಿ.”

ಮೇಷ್ಟ್ರು ಪೊಲೀಸರನ್ನು ಕಂಡವರಂತೆ ಎರಡೂ ಕೈ ಮೇಲೆತ್ತಿದರು. ಚಹಾ ತುಳುಕಿ ತೋಳಿನ ಮೇಲೆ ಚೆಲ್ಲಿತು. “ಮುಟ್ಟಿಸ್ಬೇಡಿ ನನಗೆ! ನಿಯಮ ಗೊತ್ತಿಲ್ವಾ? ಹಾಗೆ ನೋಡಿದ್ರೆ, ಕಣ್ಣಿಗೇ ಬೀಳದ್ದು ಎಂಥ ವಿನ್ಯಾಸ ಹೇಳಿ?”

“ಓದೋರಿಗೆ ಮಾತು ಕಾಣ್ಬೇಕು, ಅಕ್ಷರ ಕಾಣಬಾರದು, ಅದೇ ಒಳ್ಳೇ ಅಕ್ಷರ ಅಂತ ಪಾಠ ಮಾಡ್ತೀರಲ್ಲ ನೀವು? ನಮ್ಮ ಗೋಡೆಗೆಲ್ಲ ಕೇಳುತ್ತೆ.”

ಮೇಷ್ಟ್ರು ತೋಳು ಒರೆಸಿಕೊಂಡರು. “ಅದು ಪಾಠಕ್ಕೆ ಮೇಡಂ,” ಎಂದರು ಸಣ್ಣ ದನಿಯಲ್ಲಿ. “ಇದು ಪರೀಕ್ಷೆ.”

ಕುರ್ಚಿ ಮೇಷ್ಟ್ರ ಕೋಣೆಯ ಬಾಗಿಲ ಮೇಲೆ ಒಂದು ಪುಟ್ಟ ದೀಪ. ಒಳಗೆ ಮೇಷ್ಟ್ರ ಜೊತೆ ಯಾರಾದರೂ ಇದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಈಗ ಕೆಂಪು ಇತ್ತು. ಎದುರಿಗೆ ಕಾಯುವವರ ಬೆಂಚು, ಅದೂ ಮೇಷ್ಟ್ರದೇ ಕೈಕೆಲಸ. ನೋಡಲು ನೀರಿನ ಅಲೆಯ ಹಾಗೆ, ಕೂತರೆ ಮುಂದಕ್ಕೆ ಜಾರುವ ಹಾಗೆ. ಮೇಡಂ ಕಾಲು ಊರಿ, ಬೆನ್ನು ಆನಿಸಿ ಕೂತರು. ದೀಪ ನೋಡಿದರು.

ಏನು ಹೇಳುವುದು? ಇದು ಖಾಲಿ ಅಲ್ಲ ಸರ್, ಇದು... ಇದು ಏನು? ಅದೇ ಗೊತ್ತಿಲ್ಲವಲ್ಲ. ಗೊತ್ತಿಲ್ಲದ್ದನ್ನು ಹಿಡಿದುಕೊಂಡು ವಾದಕ್ಕೆ ಹೋದರೆ ಕುರ್ಚಿ ಮೇಷ್ಟ್ರು ಬಾಯಿಗೆ ಬೀಗ ಹಾಕಿ ಕಳಿಸುತ್ತಾರೆ. ಆ ಹುಡುಗಿ ಈಗ ಎಲ್ಲಿರಬಹುದು? ಎಲ್ಲೋ ಕೂತು ಅವಳೂ ಸಂಜೆಯ ಪಟ್ಟಿಗೆ ಕಾಯುತ್ತಿರಬೇಕು. ಹೆಸರು ಗೊತ್ತಿದ್ದರೆ ಒಂದು ಫೋನು ಮಾಡಿ ಕೇಳಿಬಿಡಬಹುದಿತ್ತು. ಹೆಸರಿಲ್ಲ, ನಂಬರು ಮಾತ್ರ. ದೀಪ ಇನ್ನೂ ಕೆಂಪು. ಫೋನು ತೆಗೆದು ಒಂದು ಸುದ್ದಿ ಓದಲು ನೋಡಿದರು. ಒಂದೇ ಸಾಲನ್ನು ಓದಿದ್ದೇ ಓದಿದ್ದು, ತಲೆಗೆ ಹೋಗಲಿಲ್ಲ. ಎಲ್ಲಿ ಆ ಹೊತ್ತಿಗೇ ಹಸಿರು ಬಂದು, ಇನ್ನಾರಾದರೂ ನುಗ್ಗಿಬಿಡುತ್ತಾರೋ ಎಂದು ಕಣ್ಣು ಮತ್ತೆ ಮತ್ತೆ ದೀಪಕ್ಕೇ ಓಡಿತು. ಫೋನನ್ನು ಚೀಲಕ್ಕೆ ಹಾಕಿದರು.

ಅಪ್ಪನ ಆಪರೇಷನ್ ದಿನವೂ ಹೀಗೇ ಒಂದು ಬಾಗಿಲಿತ್ತು. ಅಕ್ಕ ತಂಗಿ ಇಬ್ಬರೂ ಪಕ್ಕ ಪಕ್ಕ ಕೂತಿದ್ದರು. ಗೋಡೆಯ ಮೇಲೆ ಒಂದು ಟಿ.ವಿ. ಓಡುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಎದುರಿನವರೊಬ್ಬರು ಬೀಗದ ಕೈ ಗೊಂಚಲನ್ನು ಝಲ್ ಝಲ್ ಎನಿಸುತ್ತಿದ್ದರು. ಅದು ಒಂದೊಂದು ಸಲ ಝಲ್ ಎಂದಾಗಲೂ ಎದ್ದು ಹೋಗಿ ಕಿತ್ತು ಬಿಸಾಡಬೇಕೆನಿಸುತ್ತಿತ್ತು. ಡಾಕ್ಟರು ಹೊರಗೆ ಬಂದು ಅಪ್ಪ ಬದುಕಿದರು ಎಂದಾಗ ಅಕ್ಕ ಎದ್ದು ನಿಂತಳು. ಅವಳ ಸ್ವೆಟರಿನ ಎಡತೋಳು ಮೊಣಕೈವರೆಗೆ ಬಿಚ್ಚಿಹೋಗಿತ್ತು. ಉಣ್ಣೆಯ ಎಳೆಯೆಲ್ಲ ಮಡಿಲಲ್ಲಿ ಗುಡ್ಡೆ. ಯಾವಾಗ ಎಳೆದಳೋ, ಅವಳಿಗೇ ಗೊತ್ತಿರಲಿಲ್ಲ. ಅಮ್ಮ ಹೆಣೆದ ಸ್ವೆಟರು. ಇವತ್ತಿಗೂ ಆ ಮಾತು ಬಂದರೆ ಅಕ್ಕ ನಗುತ್ತಾಳೆ, ನಕ್ಕು ಕಣ್ಣು ಒರೆಸಿಕೊಳ್ಳುತ್ತಾಳೆ.

ಮೇಡಂ ಬೆಚ್ಚಿದರು.

ಅವರ ಬಲಗೈ ಚೀಲದೊಳಗಿತ್ತು. ನಡುಬೆರಳು ಉಂಗುರದೊಳಗೆ ಹೋಗಿತ್ತು. ಪೊಟ್ಟಣ ಅಂಗೈಯಲ್ಲಿ ತಾನೇ ಜಾಗ ಮಾಡಿಕೊಂಡು ಕೂತಿತ್ತು, ನಾಲ್ಕು ಬೆರಳ ತುದಿಗಳೂ ನಾಲ್ಕು ತೆಳು ಕಿಟಕಿಗಳ ಮೇಲೆ. ಗುಂಡು ಇಳಿದು ಬಂದು ತೋರುಬೆರಳನ್ನು ಮೆಲ್ಲಗೆ ತಟ್ಟಿತು. ತಡೆದು, ತಿರುಗಿ, ನಡುಬೆರಳನ್ನು. ಆಮೇಲೆ ಉಂಗುರದ ಬೆರಳು. ಇನ್ನೇನು ಬರುತ್ತದೆ, ಬರುತ್ತದೆ ಎನ್ನುವಾಗ ಕಿರುಬೆರಳು. ಮಣಿಕಟ್ಟು ತಾನಾಗಿ ಹೊರಳಿತು; ಗುಂಡು ಹೊರಟ ದಾರಿಯಲ್ಲೇ ಮತ್ತೆ ಹೊರಟಿತು. ಎಷ್ಟು ಹೊತ್ತಿನಿಂದ ಹೀಗೆ ನಡೆಯುತ್ತಿತ್ತೋ! ಇಷ್ಟು ಹೊತ್ತೂ ಅವರ ಕಣ್ಣು ದೀಪದಿಂದ ಒಮ್ಮೆಯೂ ಕದಲಿರಲಿಲ್ಲ.

‘ಇವ್ರು ಎಲ್ಲಿ ಕಾಯ್ತಿದಾರೆ?’

ಬಾಗಿಲ ಮುಂದೆ, ಮಗಳೇ. ಎಲ್ಲರೂ ಕಾಯುವುದು ಯಾವುದಾದರೊಂದು ಬಾಗಿಲ ಮುಂದೆ. ಕಾಯುವವರ ಕಣ್ಣು ಅಲ್ಲಿ ಸಿಕ್ಕಿಬಿದ್ದಿರುತ್ತದೆ, ಬೇರೆಯದಕ್ಕೆ ಬಿಡುವಿಲ್ಲ. ಕೆಲಸವಿಲ್ಲದೆ ಒದ್ದಾಡುವುದು ಕೈ. ಅವತ್ತು ಸಭಾಂಗಣದ ಎಲ್ಲ ಮರಗಳೂ, ಹೂಗಳೂ, ಬಣ್ಣದ ಗಡಿಯಾರಗಳೂ ನನ್ನ ನೋಡಿ, ನನ್ನ ನೋಡಿ ಎಂದು ಕೂಗುತ್ತಿದ್ದವು. ಇದೊಂದು ಮಾತ್ರ, ನೀವು ಅತ್ತ ನೋಡಿ, ನಾನಿಲ್ಲಿ ನಿಮ್ಮ ಕೈ ಹಿಡಿದುಕೊಂಡಿರುತ್ತೇನೆ ಎನ್ನುತ್ತಿತ್ತು. ಸದ್ದು ಏಕಿಲ್ಲ? ಪಕ್ಕದಲ್ಲಿ ಇನ್ನೊಬ್ಬರು ಕಾಯುತ್ತಿರುತ್ತಾರೆ, ಅದಕ್ಕೆ. ಉಂಗುರ ಏಕೆ? ಹೆಸರು ಕೂಗಿದಾಗ ಧಡಕ್ಕನೆ ಏಳುತ್ತಾರೆ, ಬೀಳಬಾರದು, ಅದಕ್ಕೆ. ಹುಡುಗಿ ಅಷ್ಟು ಹೊತ್ತು ಸುಮ್ಮನೆ ಕೂತು ಬಾಗಿಲು ನೋಡಿದ್ದು ಏಕೆಂದು ಈಗ ಅನುಮಾನಕ್ಕೆ ಎಡೆಯಿಲ್ಲದಂತೆ ತಿಳಿಯಿತು. ಅವಳು ಕಾದು ನೋಡುತ್ತಿದ್ದಳು, ಕೈಗೆ ಏನು ಬೇಕಾಗುತ್ತದೆಂದು.

ಆದರೆ ಒಂದು ಪ್ರಶ್ನೆ ಹಾಗೇ ಉಳಿಯಿತು. ಇಷ್ಟನ್ನು ತಿಳಿಯಬೇಕಾದರೆ ಆ ಎಳೆಯ ಹುಡುಗಿ ಯಾವ ಬಾಗಿಲ ಮುಂದೆ, ಎಷ್ಟು ಸಲ ಕೂತಿರಬೇಕು?

ದೀಪ ಹಸಿರಾಯಿತು. ಮೇಡಂ ಧಡಕ್ಕನೆ ಎದ್ದರು. ಪೊಟ್ಟಣ ಬೀಳಲಿಲ್ಲ.

“ಬನ್ನಿ ಮೇಡಂ, ನಿಮ್ಮಿಂದಲೇ ಪಟ್ಟಿ ನಿಂತಿದೆ,” ಎಂದರು ಕುರ್ಚಿ ಮೇಷ್ಟ್ರು. ಬಿಳಿ ಗಡ್ಡ, ದಣಿದ ಕಣ್ಣು, ಮೇಜಿನ ಮೇಲೆ ಮುಚ್ಚಿಟ್ಟ ಊಟದ ಡಬ್ಬಿ. “ಒಂದು ಸಲ ಒತ್ತಿ, ನಡೀರಿ.”

“ಸರ್, ಒಂದು ನಿಮಿಷ ಕೈ ಕೊಡಿ.” ಅವರು ಬೇಡವೆನ್ನುವ ಮೊದಲೇ ಮೇಡಂ ಉಂಗುರವನ್ನು ಅವರ ಬೆರಳಿಗೆ ಹಾಕಿಬಿಟ್ಟರು.

“ಏನಿದು?”

“ಮೂವತ್ತೊಂದನೆಯ ಮೇಜು.”

“ಮೇಡಂ! ಇದನ್ನ ಹಾಲ್‌ನಿಂದ ಹೊರಗೆ ತಂದ್ರಾ? ನೀವೇ ಹೀಗೆ ಮಾಡಿದ್ರೆ...”

ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಕುಲಪತಿಗಳ ಕಚೇರಿ. ಕುರ್ಚಿ ಮೇಷ್ಟ್ರು ಎಡಗೈಯಲ್ಲಿ ಎತ್ತಿದರು. “ಹೌದು... ಸಂಜೆಗೇ... ಕೊಡಿ, ಮಾತಾಡ್ತೀನಿ... ಹಾಂ, ಹಿಡಿದಿರ್ತೀನಿ.” ಆ ಕಡೆ ಯಾರೋ ಕಾಯಲು ಹೇಳಿ ಹೋದರು. ಫೋನಿನೊಳಗಿಂದ ತೆಳುವಾಗಿ ಸಂಗೀತ ಕೇಳಿಸಿತು. ಮೇಷ್ಟ್ರು ಕಿವಿಗೆ ಫೋನು ಒತ್ತಿ, ಗೋಡೆಯ ಮೇಲಿನ ಯಾವುದೋ ಒಂದು ಬಿಂದುವನ್ನೇ ನೋಡುತ್ತ ನಿಂತರು.

ಮೇಡಂ ಅವರ ಬಲಗೈ ನೋಡುತ್ತಿದ್ದರು. ಮೊದಲು ಅದು ಅಲ್ಲಾಡಲಿಲ್ಲ. ಆಮೇಲೆ ಮಣಿಕಟ್ಟು ಒಂದಿಷ್ಟು ವಾಲಿತು. ತೋರುಬೆರಳು ಸಣ್ಣಗೆ ಕದಲಿತು, ಯಾರೋ ತಟ್ಟಿ ಕರೆದಂತೆ. ನಡುಬೆರಳು. ಆಮೇಲಿನದು. ಕೈ ಹೊರಳಿತು. ಸಂಗೀತ ಮುಗಿದು ಮತ್ತೆ ಮೊದಲಿಂದ ಶುರುವಾಯಿತು, ಕೈ ಹೊರಳುತ್ತಲೇ ಇತ್ತು. ಯಾವಾಗಲೂ ಗಂಟಿಕ್ಕಿದ ಹುಬ್ಬು ಸಡಿಲಗೊಂಡು, ಮುಪ್ಪಿನ ಮುಖ ಯಾವುದೋ ಹಳೆಯ ಕಾಲಕ್ಕೆ ಹೋಗಿ ನಿಂತ ಹಾಗಿತ್ತು.

“ಹಾಂ ಸರ್! ಸಂಜೆ ಖಂಡಿತ ಸರ್!” ಮಾತು ಮುಗಿಸಿ ಫೋನು ಇಟ್ಟು ಕೆಳಗೆ ನೋಡಿದರು. ತಮ್ಮ ಕೈ ತಾವೇ ಕಂಡರು. ಬಿಸಿ ಪಾತ್ರೆ ಹಿಡಿದವರಂತೆ ಪೊಟ್ಟಣವನ್ನು ಬೆರಳಿಂದ ಕಿತ್ತು ಮೇಜಿನ ಮೇಲಿಟ್ಟರು.

“ಚೆನ್ನಾಗಿದೆ,” ಎಂದರು ಕೊನೆಗೆ. “ನಾನೇನು ಕುರುಡನಲ್ಲ. ತುಂಬಾ ಚೆನ್ನಾಗಿದೆ. ಅದಕ್ಕೇನೀಗ?”

“ಅದಕ್ಕೆ ಸೊನ್ನೆ ಬಂದಿದೆ ಸರ್.”

“ಫೋಟೋಗೆ ಸೊನ್ನೆ ಬಂದಿದೆ. ನಾವು ಅಳೆಯೋದು ಫೋಟೋನ. ಮುಟ್ಟಿ ನೋಡ್ತಿದ್ದಾಗ ಇಲ್ಲಿ ಏನೇನು ಆಟ ನಡೀತಿತ್ತು ಅಂತ ನೀವು ಕಂಡಿಲ್ಲ, ನಾನು ಕಂಡಿದೀನಿ. ಬಡಿದಾಡಿ ಈ ನಿಯಮ ತಂದೋನು ನಾನು. ಇವತ್ತು ಒಬ್ಬಳದ್ದನ್ನ ಮುಟ್ಟಿ ನೋಡಿದ್ರೆ ಎಲ್ಲರದ್ದನ್ನೂ ಮುಟ್ಟಿ ನೋಡ್ಬೇಕು.”

“ನೋಡೋಣ.”

“ಎಲ್ಲಿಂದ? ಮರಗಳೆಲ್ಲ ಕಸದ ಗಾಡಿ ಸೇರಿವೆ.”

“ಗಾಡಿ ಇನ್ನೂ ಸಭಾಂಗಣದಲ್ಲೇ ಇದೆ ಸರ್. ಆ ಮಕ್ಕಳಿಗೂ ನ್ಯಾಯ ಆಗುತ್ತೆ.”

“ಸಾಯಂಕಾಲ ಪಟ್ಟಿ ಅಂತ ಈಗಷ್ಟೇ ಮಾತು ಕೊಟ್ಟೆ, ನಿಮ್ಮೆದುರಿಗೇ!” ಅವರು ದನಿ ತಗ್ಗಿಸಿದರು. “ನೋಡಿ, ಪ್ರತಿಭೆ ಇರೋಳು ಮುಂದಿನ ವರ್ಷ ಬರ್ತಾಳೆ, ಬಿಡಿ. ನೀವು ಕೇಳಿರೋ, ಮಣ್ಣಿನ ಪಾತ್ರೆ ಸುಡೋ ಹೊಸ ಒಲೆ ವಿಷಯಾನೂ ನನ್ನ ಮುಂದೇ ಇದೆ. ಸುಮ್ನೆ ಒಂದಕ್ಕೊಂದು ಗಂಟು ಹಾಕೋದು ಬೇಡ.”

ಗಂಟು ಹಾಕಿದ್ದು ಯಾರೆಂದು ಮೇಡಂ ಕೇಳಲಿಲ್ಲ.

ಕುರ್ಚಿ ಮೇಷ್ಟ್ರು ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದರು. ಎಡಕ್ಕೆ ಫೋಟೋ: ಅಷ್ಟಗಲ ಮೇಜು, ನಡುವೆ ಒಂದು ಕಂದು ಕಲೆ. ಬಲಕ್ಕೆ ಎರಡು ಸಾಲು: ‘ಮೇಜು ಖಾಲಿ ಇತ್ತೆಂದು ಉಸ್ತುವಾರಿಯವರು ಒಪ್ಪುತ್ತಾರೆ.’ ಅದರ ಕೆಳಗೆ ಹಸಿರು ಬಣ್ಣದ, ಅಂಚು ದುಂಡಗಿನ, ಬಲು ಅಂದದ ಒಂದು ಗುಂಡಿ: ‘ಹೌದು.’

ಮೇಡಂ ಪರದೆಯನ್ನು ಮೇಲಿಂದ ಕೆಳಗಿನವರೆಗೆ ಹುಡುಕಿದರು. “‘ಇಲ್ಲ’ ಅನ್ನೋ ಗುಂಡಿ ಎಲ್ಲಿದೆ ಸರ್?”

“ಯಾವುದು?”

“ಖಾಲಿ ಇರಲಿಲ್ಲ ಅನ್ನೋಕೆ.”

ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಅವರಿಗೂ ಕುತೂಹಲವಾದ ಹಾಗಿತ್ತು. ‘ಇಲ್ಲ’ ಇರಲಿಲ್ಲ. ಆ ಪರದೆಯನ್ನು ರೂಪಿಸಿದ್ದು ಅದೇ ಕಾಲೇಜಿನಲ್ಲಿ, ಬಹುಮಾನ ಪಡೆದವರು. ಇಲ್ಲ ಎನ್ನುವ ಒಬ್ಬರು ಎಂದಾದರೂ ಅದರ ಮುಂದೆ ಬಂದು ಕೂರುತ್ತಾರೆಂದು ಅವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

“ಇದುವರೆಗೂ ಬೇಕಾಗಿರಲಿಲ್ಲ,” ಎಂದರು ಮೇಷ್ಟ್ರು, ನೆಟ್ಟಗಾಗುತ್ತ. “ನೀವು ಒತ್ತದೆ ಪಟ್ಟಿ ಮುಂದಕ್ಕೆ ಹೋಗಲ್ಲ. ಇರೋದನ್ನ ಒತ್ತಿ. ಒತ್ತಿ, ಆ ಪೊಟ್ಟಣನ ಗಾಡಿಗೆ ಹಾಕಿ, ಊಟಕ್ಕೆ ಹೋಗಿ.”

ಮೇಡಂ ಕೈ ಚಾಚಿದರು. ಪೊಟ್ಟಣವನ್ನು ತೆಗೆದುಕೊಂಡರು. ಉಂಗುರವನ್ನು ಬೆರಳಿಗೆ ಏರಿಸಿಕೊಂಡು, ಮೇಷ್ಟ್ರ ಎದುರಿನ ಕುರ್ಚಿ ಎಳೆದು ಕೂತರು.

“ಏನ್ ಮೇಡಂ ಇದು? ಇಲ್ಲೇ ಕೂತಿರ್ತೀರಾ?”

“ಕೂತಿರ್ತೀನಿ ಸರ್,” ಎಂದರು ಮೇಡಂ. ಮಣಿಕಟ್ಟು ಹೊರಳಿತು, ಸದ್ದಿಲ್ಲದೆ. “ಒತ್ತಲ್ಲ.”